ಮೂರೂರ ಬಸ್ಸಿಗೆ ಹದಿನಾರಾಣೆ ಪಾಲು

ಹೇಳಿ ನೋಡೋಣ, ಏನಾಗಿರಬಹುದು? ಮೂರು ಊರು: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ಮೂರಕ್ಕೂ ನಡುವೆ ಒಂದು ಕ್ರಾಸು. ಮೂರೂ ಊರಿನ ಬಸ್ಸುಗಳು ಆ ಕ್ರಾಸಿಗೆ ಬಂದು ತಿರುಗಿಕೊಂಡು ಹೋಗುತ್ತವೆ. ಆದರೆ ಒಂದು ಬರುವ ಹೊತ್ತಿಗೆ ಇನ್ನೊಂದು ಹೊರಟು ಹೋಗಿರುತ್ತದೆ. ಈ ಬಸ್ಸುಗಳು ಯಾಕೆ ಒಂದಕ್ಕೊಂದು ಸಿಗುವುದಿಲ್ಲ ಅಂತ ಚರ್ಚೆ ಮಾಡುವುದಕ್ಕೆ ಮೂರೂ ಊರಿನ ಹಿರಿಯರು ಅದೇ ಕ್ರಾಸಿನಲ್ಲಿ, ಅವೇ ಬಸ್ಸುಗಳಲ್ಲಿ ಬಂದು, ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ ಸೇರಬೇಕು ಅಂತ ಮಾತಾಯಿತು. ಏನಾಗಿರಬಹುದು?

ಸಭೆ ನಡೆಯಲಿಲ್ಲ ಅಂದಿರಾ? ತಪ್ಪು. ನಡೆಯಿತು. ಒಂದೂವರೆ ನಿಮಿಷ.

ನಮ್ಮ ತೆಂಗಿನ ಸೀಮೆಯಲ್ಲಿ ಮೂರು ಊರಿನವರು ಒಂದು ಚಾಪೆಯ ಮೇಲೆ ಕೂತರೆ ಇಂಥದ್ದು ಆಗುತ್ತಲೇ ಇರುತ್ತದೆ. ನಿವೃತ್ತನಾದ ಮೇಲೆ ನೆನೆಸಿಕೊಂಡು ಒಬ್ಬನೇ ನಗುತ್ತಿದ್ದೆ. "ಒಬ್ಬರೇ ನಗಬೇಡಿ, ಬೀದಿಯವರು ಏನಾದ್ರೂ ತಿಳ್ಕೊಂಡಾರು, ಬರೆದಾದ್ರೂ ಇಡಿ" ಅಂತ ನನ್ನ ಹೆಂಡತಿ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆಗ ತುರುವೇಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಬಿ.ಎ. ಮಾಡಿದ್ದೆ. ಅಕ್ಷರ ದುಂಡಗಿತ್ತು. ಈ ಎರಡು ತಪ್ಪಿಗೆ ನನ್ನನ್ನು ಮೂರೂರ ಸಾರಿಗೆ ಸಮಿತಿಯ ಕಾರ್ಯದರ್ಶಿ ಮಾಡಿದರು. ಸಂಬಳವಿಲ್ಲ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ, ಯಾಕೆಂದರೆ ಆ ಬಸ್ಸುಗಳು ಒಂದಕ್ಕೊಂದು ಸಿಗುವುದು ಈ ಭೂಮಿಯ ಮೇಲೆ ಎಲ್ಲರಿಗಿಂತ ಹೆಚ್ಚಾಗಿ ನನಗೇ ಬೇಕಾಗಿತ್ತು.

ನನ್ನ ಹೆಂಡತಿ ಚಿಕ್ಕನಾಯಕನಹಳ್ಳಿಯ ಶಾಲೆಯಲ್ಲಿ ಮೇಡಮ್ಮು. ಅವಳ ತವರೂ ಅದೇ ಊರು. ಮದುವೆಯಾಗಿ ನಾಲ್ಕು ವರ್ಷವಾದರೂ ಅವಳು ಅಲ್ಲಿ ಅಮ್ಮನ ಮನೆಯಲ್ಲಿ, ನಾನು ಇಲ್ಲಿ ಬಾಡಿಗೆ ಮನೆಯಲ್ಲಿ. ಎರಡು ಊರಿಗೆ ದೂರವೇನೂ ಇಲ್ಲ. ಆದರೆ ಕ್ರಾಸಿನಲ್ಲಿ ಬಸ್ಸು ತಪ್ಪಿದರೆ ಮೂರು ಗಂಟೆ ಕಾಯಬೇಕು, ಮತ್ತು ಬಸ್ಸು ತಪ್ಪದ ದಿನ ಅಂತ ಒಂದು ಇರಲೇ ಇಲ್ಲ. ಹೀಗಾಗಿ ದಿನಾ ಓಡಾಡುವ ಮಾತೇ ಇಲ್ಲ. ಭಾನುವಾರ ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ ಕ್ರಾಸಿಗೆ ಬಂದು, ಅಲ್ಲಿನ ಹೋಟೆಲ್ಲಿನ ಬೆಂಚಿನ ಮೇಲೆ ಕೂತು ಸಂಸಾರ ಮಾಡುತ್ತಿದ್ದೆವು. ಸಂಸಾರ ಅಂದರೆ ಎರಡು ಮಸಾಲೆ ದೋಸೆ, ಒಂದು ಕಾಫಿ ಬೈಟು, ಒಂದು ಸಣ್ಣ ಜಗಳ.

ಆ ವರ್ಷ ಅವಳು ಗಡುವು ಹಾಕಿದಳು. "ಈ ವರ್ಷ ಮುಗಿಯೋದ್ರೊಳಗೆ ನಾನು ದಿನಾ ತುರುವೇಕೆರೆಯಿಂದ ಶಾಲೆಗೆ ಹೋಗಿ ಬರೋ ಹಂಗಾಗಬೇಕು. ಆಗದಿದ್ರೆ ನೀವು ಕೆಲಸ ಬಿಟ್ಟು ನಮ್ಮಮ್ಮನ ಮನೆಗೆ ಮನೆಯಳಿಯ ಆಗಿ ಬನ್ನಿ. ಅಮ್ಮ ಆಗಲೇ ಕೋಣೆ ಖಾಲಿ ಮಾಡಿಸಿದಾಳೆ."

ನನಗೆ ನನ್ನ ಅತ್ತೆಯವರ ಮೇಲೆ ಅಪಾರ ಗೌರವ. ಆ ಗೌರವ ಉಳಿಯಬೇಕಾದರೆ ನಡುವೆ ಒಂದು ಕ್ರಾಸು ಇರಲೇಬೇಕು. ಅವತ್ತೇ ನಿರ್ಧಾರ ಮಾಡಿದೆ: ಆಕಾಶ ಕೆಳಗೆ ಬೀಳಲಿ, ಬಸ್ಸುಗಳನ್ನು ಸೇರಿಸಿಯೇ ಸೈ.

ತುಮಕೂರಿನ ಸಾರಿಗೆ ಕಚೇರಿಗೆ ಹೋಗಿ ಕೇಳಿದಾಗ ಅಲ್ಲಿನವರು ಹೇಳಿದ್ದು ಇಷ್ಟೇ: "ಒಂದೂರಿನ ಮಾತು ಕೇಳಿ ವೇಳಾಪಟ್ಟಿ ಬದಲಾಯಿಸೋಕಾಗಲ್ಲ. ಮೂರೂ ಊರು ಸೇರಿ ಒಬ್ಬ ಇಂಜಿನಿಯರ್ ಕೈಲಿ ಯೋಜನೆ ಬರೆಸಿ ತನ್ನಿ. ಖರ್ಚು ಮೂರೂರೂ ಹಂಚ್ಕೊಳ್ಳಲಿ. ಆಮೇಲೆ ನೋಡೋಣ." ಬಸ್ಸಿನ ಮಾತು ಅಲ್ಲಿಗೆ ಮುಗಿದು, ಪಾಲಿನ ಮಾತು ಶುರುವಾಯಿತು.

ಒಂದೂವರೆ ನಿಮಿಷದ ಸಭೆ

ಸಮಿತಿಯಲ್ಲಿ ಊರಿಗೊಬ್ಬ ಹಿರಿಯರು. ತಿಪಟೂರಿನಿಂದ ಕೊಬ್ಬರಿ ಮಂಡಿಯ ಸಾಹುಕಾರರು. ತುರುವೇಕೆರೆಯಿಂದ ಒಬ್ಬ ವಕೀಲರು. ಚಿಕ್ಕನಾಯಕನಹಳ್ಳಿಯಿಂದ ದೊಡ್ಡ ತೋಟದ ಯಜಮಾನರು. ನಾನು ಅವರೂರಿನ ಅಳಿಯನಾದ್ದರಿಂದ ಅವರು ನನ್ನನ್ನು "ಅಳಿಯಂದ್ರೇ" ಅಂತಲೇ ಕರೆಯುತ್ತಿದ್ದರು.

ಸಭೆಯ ದಿನ ನಾನೂ ವಕೀಲರೂ ಒಂಬತ್ತೂವರೆಗೇ ಕ್ರಾಸಿನಲ್ಲಿ ಇಳಿದೆವು. ಸಾಹುಕಾರರು ಬಂದವರೇ "ಯಜಮಾನ್ರು ಬರ್ಲಿ" ಅಂತ ಹೋಟೆಲ್ಲಿಗೆ ಇಡ್ಲಿ ತಿನ್ನಲು ಹೋದರು. ಹತ್ತಾಯಿತು, ಹತ್ತೂವರೆಯಾಯಿತು, ಯಜಮಾನರ ಬಸ್ಸಿಲ್ಲ. ಹನ್ನೊಂದಕ್ಕೆ ತುರುವೇಕೆರೆಗೆ ವಾಪಸ್ಸು ಬಸ್ಸು. ಅದು ತಪ್ಪಿದರೆ ಇನ್ನು ಎರಡು ಗಂಟೆಗೇ. ವಕೀಲರು ಗಡಿಯಾರ ನೋಡಿ, "ಕೋರಂ ಇಲ್ಲ ಕಣಯ್ಯ, ನಾನು ಹೊರಟೆ" ಅಂತ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರು.

ಆ ಕ್ಷಣಕ್ಕೆ ಧೂಳೆಬ್ಬಿಸಿಕೊಂಡು ಚಿಕ್ಕನಾಯಕನಹಳ್ಳಿ ಬಸ್ಸು ಬಂದು ಇದರ ಪಕ್ಕದಲ್ಲೇ ನಿಂತಿತು. ಅದರ ಕಿಟಕಿಯಲ್ಲಿ ಯಜಮಾನರ ರುಮಾಲು!

ವಕೀಲರು ಈ ಕಿಟಕಿಯಿಂದ ಕೂಗಿದರು: "ಕೋರಂ ಆಯ್ತು! ಸೆಕ್ರೆಟ್ರೀ, ಬರ್ಕೋ!"

ಯಜಮಾನರು ಆ ಕಿಟಕಿಯಿಂದ: "ಏನ್ ಬರ್ಕಳೋದು ವಕೀಲ್ರೇ?"

"ಯೋಜನೆ ಬೇಕು ಅಂತ!"

"ಬೇಕೇ ಬೇಕು, ಬರ್ಕಳ್ಳಿ!"

ಇಡ್ಲಿ ಕೈಯಲ್ಲೇ ಸಾಹುಕಾರರು ಎರಡು ಬಸ್ಸಿನ ಸಂದಿಗೆ ಓಡಿಬಂದು ಮೇಲೆ ನೋಡಿ, "ಬೇಕು ಸರಿ. ಖರ್ಚು ಯಾರ್ದು?" ಅಂದರು.

ಅಷ್ಟು ಕೇಳಿದ್ದೇ ತಡ, ಎರಡೂ ಬಸ್ಸು ಹೊರಟವು. ತನ್ನ ಬಸ್ಸು ಅಲ್ಲೇ ತಿರುಗಿಸಿಕೊಂಡು ಹೋಗುತ್ತದೆ ಅನ್ನುವುದು ಮರೆತು ಯಜಮಾನರು ಇನ್ನೂ ಕಿಟಕಿಯಲ್ಲೇ ಇದ್ದರು.

ಆ ಬಸ್ಸಿನಿಂದ ಸಕಾಲಕ್ಕೆ ಇಳಿದವಳು ನನ್ನ ಹೆಂಡತಿ ಒಬ್ಬಳೇ. "ಇದೇನಾ ನಿಮ್ಮ ಸಭೆ?" ಅಂದಳು. ನಾನು ಬೆಂಚಿನ ಮೇಲೆ ಕೂತು ನಡಾವಳಿ ಬರೆದೆ: "ಯೋಜನೆ ಅವಶ್ಯಕವೆಂದು ಸಭೆಯು ಸರ್ವಾನುಮತದಿಂದ ಒಪ್ಪಿತು. ಖರ್ಚಿನ ವಿಷಯ ಬಂದಾಗ ಸಭೆಯು ಎರಡು ದಿಕ್ಕಿಗೆ ಹೊರಟುಹೋಯಿತು."

ಯಾರೂರು ಬಡವೂರು

ಮುಂದಿನ ಸಭೆ ಸಾಹುಕಾರರ ಮಂಡಿಯಲ್ಲಿ, ಕೊಬ್ಬರಿ ಚೀಲಗಳ ಮೇಲೆ. ಈ ಸಲ ಯಜಮಾನರು ಹಿಂದಿನ ದಿನವೇ ಹೊರಟು ಬಂದಿದ್ದರು. ಆಣೆ ಹೋಗಿ ಎಷ್ಟೋ ವರ್ಷಗಳಾಗಿದ್ದವು, ಆದರೆ ನಮ್ಮ ಕಡೆ ಪಾಲು ಅಂದರೆ ಇವತ್ತಿಗೂ ಹದಿನಾರಾಣೆಯೇ. ಒಟ್ಟು ಖರ್ಚು ಹದಿನಾರಾಣೆ. ಅದರಲ್ಲಿ ಯಾರಿಗೆ ಎಷ್ಟಾಣೆ?

"ದೊಡ್ಡ ಊರು ದೊಡ್ಡ ಪಾಲು" ಅಂದರು ವಕೀಲರು. ಅಲ್ಲಿಗೆ ಶುರುವಾಯಿತು ನೋಡಿ.

ಈ ಸಾಹುಕಾರರು ಬೇರೆ ದಿನ ಮಾತಿಗೆ ಕೂತರೆ ತಿಪಟೂರಿನ ಕೊಬ್ಬರಿ ಇಲ್ಲದಿದ್ದರೆ ದೆಹಲಿಯಲ್ಲಿ ಸಿಹಿ ಅಡಿಗೆಯೇ ಇಲ್ಲ ಅನ್ನುವವರು. ಅವತ್ತು ಎದೆ ಮೇಲೆ ಕೈ ಇಟ್ಟುಕೊಂಡು, "ನಮ್ದೇನ್ ಊರು ಕಣ್ರೀ? ಒಂದು ರೈಲು ನಿಲ್ತದೆ, ಅದೂ ನೀರು ಕುಡಿಯಕ್ಕೆ. ಮಂಡಿ ಅಂದ್ರೆ ನಾಲ್ಕು ಚೀಲ, ಎರಡು ಇಲಿ" ಅಂದರು. ಅವರು ಒರಗಿ ಕೂತಿದ್ದ ಚೀಲದ ರಾಶಿ ಸೂರು ಮುಟ್ಟುತ್ತಿತ್ತು.

ಯಜಮಾನರು ಬಿಡುತ್ತಾರೆಯೇ? "ಸಾವ್ಕಾರ್ರೇ, ನಿಮ್ಮಲ್ಲಿ ಇಲಿಯಾದ್ರೂ ಅವೆ. ನಮ್ಮೂರ್ನಾಗೆ ಇಲೀನೂ ಬೇರೆ ಊರಿಗೆ ಹೋದ್ವು. ಇರೋ ಮರದ್ ತುಂಬಾ ಬರೀ ಗರಿ ಬುಡಿ, ಕಾಯಿ ಎಲ್ಲೈತೆ?"

ವಕೀಲರು ಎದ್ದು ನಿಂತರು. ನ್ಯಾಯಾಲಯದಲ್ಲಿ ನಿಲ್ಲುವ ಹಾಗೆ. "ನಮ್ಮ ತುರುವೇಕೆರೆಯಲ್ಲಿ ಕಕ್ಷಿದಾರರೇ ಇಲ್ಲ. ಜನ ಜಗಳವಾಡೋಕೂ ಶಕ್ತಿ ಇಲ್ಲದೆ ರಾಜಿಯಾಗ್ತಾ ಇದಾರೆ. ಒಬ್ಬ ವಕೀಲ ಇದಕ್ಕಿಂತ ದೊಡ್ಡ ಬಡತನ ನೋಡಿರೋಕೆ ಸಾಧ್ಯವಿಲ್ಲ!"

ಎರಡು ಗಂಟೆ ಹೀಗೆ ನಡೆಯಿತು. ಕೊನೆಗೆ ತಲಾ ನಾಲ್ಕಾಣೆಗಿಂತ ಒಬ್ಬರೂ ಮೇಲೆ ಏಳಲಿಲ್ಲ. ಹನ್ನೆರಡಾಣೆಯಾಯಿತು. ಇನ್ನು ನಾಲ್ಕಾಣೆ ಹಾಗೇ ಗಾಳಿಯಲ್ಲಿ ಉಳಿಯಿತು. ನಾನು ಒಂದಕ್ಷರ ಬಿಡದೆ ಎಲ್ಲವನ್ನೂ ನಡಾವಳಿಗೆ ಇಳಿಸಿ, ಯೋಜನೆ ಬರೆಯಲು ಒಪ್ಪಿದ್ದ ತುಮಕೂರಿನ ನಿವೃತ್ತ ಇಂಜಿನಿಯರಿಗೆ ಕಳಿಸಿದೆ.

ವಾರದೊಳಗೆ ಅವರಿಂದ ಕಾರ್ಡು ಬಂತು: "ನಡಾವಳಿ ಓದಿದೆ. ಮೂರೂ ಊರುಗಳಲ್ಲಿ ಜನವಿಲ್ಲ, ಕಾಯಿಯಿಲ್ಲ, ವ್ಯಾಪಾರವಿಲ್ಲ, ಜಗಳವೂ ಇಲ್ಲವೆಂದು ತಿಳಿಯಿತು. ಬಸ್ಸು ಯಾರಿಗೆ?"

ಕೊಸರು

ಇಂಜಿನಿಯರೇ ಒಂದು ದಾರಿ ಸೂಚಿಸಿದರು. ಕ್ರಾಸಿಗೆ ಸೇರುವ ಮೂರೂ ರಸ್ತೆಗಳಲ್ಲಿ ಒಂದು ದಿನ ವಾಹನ ಎಣಿಸಿ. ಯಾವ ಊರಿನ ರಸ್ತೆಯಲ್ಲಿ ಎಷ್ಟು ಓಡಾಟವೋ ಆ ಊರಿಗೆ ಅಷ್ಟು ಪಾಲು. "ಎಣಿಕೆ ಚೆನ್ನಾಗಿ ಬರೋ ಮೂರು ಜನರನ್ನ ಹುಡುಕಿ" ಅಂದರು.

ನಮ್ಮ ಸೀಮೆಯಲ್ಲಿ ಎಣಿಕೆಗೆ ಜನ ಹುಡುಕಬೇಕೇ? ತೋಟಗಳಲ್ಲಿ ಕಾಯಿ ಎಣಿಸುವುದರಲ್ಲೇ ಕೂದಲು ನರೆತ ಮೂವರನ್ನು ಕರೆತಂದೆ. ಮೋಸ ಆಗಬಾರದು ಅಂತ ಒಂದೂರಿನವನನ್ನು ಇನ್ನೊಂದೂರಿನ ರಸ್ತೆಗೆ ಕೂರಿಸಿದೆ. ನನ್ನ ಈ ಬುದ್ಧಿವಂತಿಕೆಗೆ ನಾನೇ ಮೆಚ್ಚಿ, ನೂರಾದಾಗಲೊಂದು ಪಕ್ಕಕ್ಕಿಡಿ ಅಂತ ಅವರಿಗೆ ತಲಾ ಒಂದು ಹಿಡಿ ಹುಣಸೇಬೀಜ ಕೊಟ್ಟು, ಹೊಂಗೆ ಮರದ ಕೆಳಗೆ ಕೂತೆ.

ಮೊದಲನೇ ಎತ್ತಿನ ಗಾಡಿ ಬಂತು. "ಲಾಭ!" ಅಂದ ಒಬ್ಬ. ಮೊದಲನೆಯದಕ್ಕೆ ಒಂದು ಅನ್ನದೆ ಲಾಭ ಅನ್ನುವುದು ನಮ್ಮ ಪದ್ಧತಿ. ಸರಿ. ಆಮೇಲೆ ಲಾರಿ, "ಎರಡು." ಎರಡು ಸೈಕಲ್ಲು ಹೋದವು. ಇಬ್ಬರು ಹೋದರೂ ಅವನು "ಮೂರು" ಅಂತ ಒಂದೇ ಸೇರಿಸಿದ.

ಮಧ್ಯಾಹ್ನ ಬಂದ ಇಂಜಿನಿಯರು ಸಂಜೆ ಲೆಕ್ಕ ನೋಡುವಾಗ ಕೇಳಿದರು: "ಸೈಕಲ್ಲು ಎರಡಕ್ಕೆ ಒಂದು ಯಾಕಪ್ಪ?"

"ಸಣ್ ಕಾಯಿ ಅಲ್ವಾ ಬುದ್ಧಿ? ಎರಡು ಸಣ್ಣದಕ್ಕೆ ಒಂದು ದೊಡ್ಡದು."

ಇಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನೇ ಕಣ್ರೀ ನಮಗೆ ಕಾಲೇಜಿನಲ್ಲಿ ಒಂದು ಟರ್ಮು ಪೂರ್ತಿ ಪಾಠ ಮಾಡಿದ್ದು! ನನಗಾಗ ಅರ್ಥವೇ ಆಗಿರಲಿಲ್ಲ."

ಹುರುಪಿನಲ್ಲಿ ಇನ್ನೂ ಕೆದಕಿದರು. ಕೆಟ್ಟು ನಿಂತಿದ್ದ ಒಂದು ಲಾರಿ ಲೆಕ್ಕದಲ್ಲಿರಲಿಲ್ಲ. "ಒಡಕು ಸ್ವಾಮಿ, ಪಕ್ಕಕ್ಕೆ ಎಸೆದ್ವಿ." ಎರಡು ಬಸ್ಸುಗಳೂ ಇರಲಿಲ್ಲ. "ಒಳಗೆ ಜನ ಇರ್ಲಿಲ್ಲ. ನೀರಿಲ್ದಿರೋ ಕಾಯಿ ಯಾರು ಎಣಿಸ್ತಾರೆ?" ಕೊನೆಗೆ ನೂರರ ಲೆಕ್ಕ ತಾಳೆ ನೋಡುವಾಗ ಇಂಜಿನಿಯರಿಗೆ ಅನುಮಾನ ಬಂತು. ಅವರೂ ಮಧ್ಯಾಹ್ನದ ಮೇಲೆ ಒಬ್ಬನ ಪಕ್ಕ ಕೂತು ಒಂದು ಹುಣಸೇಬೀಜ ಬೀಳುವವರೆಗೆ ಎಣಿಸಿದ್ದರಂತೆ. ಅವರದು ನೂರಾ ನಾಲ್ಕು, ಇವನದು ನೂರು.

"ನಾಲ್ಕು ಎಲ್ಲಿ ಹೋಯ್ತಯ್ಯ?"

"ಕೊಸರು, ಸ್ವಾಮಿ." ನೂರು ಕಾಯಿ ಕೊಂಡವರಿಗೆ ಮೇಲೆ ನಾಲ್ಕು ಪುಕ್ಕಟೆ ಹಾಕುವುದು.

"ಕೊಸರು ಕೊಡೋದು ಕೊಳ್ಳೋರಿಗೆ. ಇಲ್ಲಿ ಕೊಂಡೋರು ಯಾರು?"

ಮೂವರಲ್ಲಿ ಹಿರಿಯವನು ಕೈ ಮುಗಿದು ಹೇಳಿದ: "ಲೆಕ್ಕ ತಗಂಡು ಹೋಗ್ತಿರೋರು ನೀವೇ ಅಲ್ವಾ ಬುದ್ಧಿ? ಸಾಲ್ದು ಅಂದ್ರೆ ನೂರಕ್ಕೆ ಐದು ಮಾಡ್ಕಳಿ, ಬೇಜಾರ್ ಮಾಡ್ಕಬೇಡಿ."

ಬರ್ತಾ ನಿಮ್ಮದು, ಹೋಗ್ತಾ ನಿಮ್ಮದು

ಕೊಸರೆಲ್ಲ ಸೇರಿಸಿ ಲೆಕ್ಕ ಸರಿಮಾಡಿದ ಮೇಲೆ ತಿಪಟೂರಿನ ರಸ್ತೆಯಲ್ಲಿ ಓಡಾಟ ಬಹಳ ಹೆಚ್ಚು ಅಂತ ಬಂತು. ಸಾಹುಕಾರರಿಗೆ ಎಂಟಾಣೆ ಪಾಲು. ಅವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಪಕ್ಕಕ್ಕಿಟ್ಟರು.

"ರಸ್ತೆ ನಮ್ಮೂರದು, ಗಾಡಿ ನಮ್ಮೂರದ್ದಲ್ಲ. ಕೊಬ್ಬರಿ ತುಂಬ್ಕೊಂಡು ಬರೋವು ನಿಮ್ಮೂರ ಗಾಡಿಗಳು. ಬರ್ತಾ ಎಲ್ಲ ನಿಮ್ಮ ಲೆಕ್ಕಕ್ಕೆ ಬರ್ಕಳ್ಳಿ."

"ಹೋಗ್ತಾ?" ಅಂದರು ಯಜಮಾನರು.

"ಹೋಗ್ತಾ ನನ್ನ ದುಡ್ಡು ತಗೊಂಡು ಹೋಗ್ತವೆ. ಅದೂ ನಿಮ್ಮದೇ!"

ವಕೀಲರು ಇದಕ್ಕೆ ಉತ್ತರ ಹುಡುಕುವುದರಲ್ಲಿ ಅರ್ಧ ಗಂಟೆ ಕಳೆದರು. ಕೊನೆಗೆ ನನ್ನ ಕಿವಿಯಲ್ಲಿ ಹೇಳಿದ್ದು: "ಈ ಮನುಷ್ಯ ಲಾ ಓದದೇ ಇದ್ದದ್ದು ನನ್ನ ಪುಣ್ಯ."

ಟವೆಲ್ಲಿನ ಕೆಳಗೆ

ಯುಗಾದಿ ಹತ್ತಿರ ಬಂತು. ಇಂಜಿನಿಯರು ಖಡಾಖಂಡಿತವಾಗಿ ಬರೆದರು: "ಹಬ್ಬದೊಳಗೆ ಹದಿನಾರಾಣೆ ಒಪ್ಪಿ ಸಹಿ ಹಾಕಿ ಕಳಿಸದಿದ್ದರೆ ನಾನು ಬೇರೆ ಜಿಲ್ಲೆಯ ಕೆಲಸ ಒಪ್ಪಿಕೊಂಡು ಹೋಗುತ್ತೇನೆ." ಅದೇ ವಾರ ನನ್ನ ಹೆಂಡತಿ ಬೆಂಚಿನ ಮೇಲೆ ಕೂತು ಹೇಳಿದಳು: "ಅಮ್ಮ ನಿಮ್ಮ ಕೋಣೆಗೆ ಸುಣ್ಣ ಹೊಡೆಸಿದ್ಲು."

ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಕಚೇರಿಗೆ ಹೋಗುವ ದಾರಿಯಲ್ಲಿ ಇಬ್ಬರು ಎತ್ತಿನ ವ್ಯಾಪಾರ ಮಾಡುತ್ತಿದ್ದುದು ಕಂಡಿತು. ಕೈ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಬಾಯಿ ಮುಚ್ಚಿ, ಬೆರಳು ಅಮುಕಿಯೇ ಬೆಲೆ ಹೇಳುತ್ತಿದ್ದರು. ಸುತ್ತ ಹತ್ತು ಜನ ನಿಂತಿದ್ದರು. ಒಬ್ಬನಿಗೂ ಬೆಲೆ ಗೊತ್ತಿಲ್ಲ. ಎರಡೇ ನಿಮಿಷಕ್ಕೆ ವ್ಯಾಪಾರ ಕುದುರಿತು.

ತಲೆಯೊಳಗೆ ದೀಪ ಹತ್ತಿತು. ನಮ್ಮ ಹಿರಿಯರಿಗೆ ಕಷ್ಟ ಇದ್ದದ್ದು ಕೊಡುವುದರಲ್ಲಲ್ಲ, ಕೊಟ್ಟೆ ಅಂತ ಉಳಿದಿಬ್ಬರಿಗೆ ಗೊತ್ತಾಗುವುದರಲ್ಲಿ!

ಕ್ರಾಸಿನ ಹೋಟೆಲ್ಲಿನಲ್ಲಿ ಮೂವರನ್ನೂ ಸೇರಿಸಿದೆ. "ಒಂದು ಬೆರಳಿಗೆ ಒಂದಾಣೆ. ನೀವು ಎಷ್ಟು ಅಂದಿರೋ ಅದು ನನಗೆ ಮಾತ್ರ ಗೊತ್ತು. ಈ ಜನ್ಮದಲ್ಲಿ ಬಾಯಿಬಿಡೋದಿಲ್ಲ" ಅಂತ ಹೇಳಿ, ಹೆಗಲ ಮೇಲಿನ ಟವೆಲ್ ತೆಗೆದೆ.

ಮೊದಲು ಸಾಹುಕಾರರು. ಪಳಗಿದ ಕೈ. ಐದು ಬೆರಳನ್ನೂ ಒಟ್ಟಿಗೆ ಹಿಡಿದು ಅಮುಕಿದರು. ಬಿಟ್ಟರು. ಮತ್ತೆ ಎರಡು ಬೆರಳು. ಏಳಾಣೆ! ಬಾಯಲ್ಲಿ ಮಾತ್ರ ಎಲ್ಲರಿಗೂ ಕೇಳುವ ಹಾಗೆ, "ನಾನು ಮೇಲೆ ಏಳೋ ಗಿರಾಕಿ ಅಲ್ಲ ಕಣಪ್ಪ" ಅನ್ನುತ್ತಿದ್ದರು.

ಆಮೇಲೆ ಯಜಮಾನರು. ನನ್ನ ಕೈಯನ್ನು ಹಸುವಿನ ಹಾಲು ಕರೆದ ಹಾಗೆ ಹಿಂಡಿದರು. ಐದು, ಮತ್ತೊಂದು. ಆರಾಣೆ. "ಅಳಿಯಂದ್ರೇ, ಊರ ಮಗಳ ಮುಖ ನೋಡಿ" ಅಂತ ಮೆಲ್ಲಗೆ ಗೊಣಗಿದರು.

ಕೊನೆಗೆ ವಕೀಲರು. ಅವರ ವೃತ್ತಿಯೆಲ್ಲ ಬಾಯಲ್ಲಿ. ಬೆರಳಲ್ಲಿ ಮಾತಾಡಿ ಗೊತ್ತಿಲ್ಲ. ಟವೆಲ್ಲಿನ ಕೆಳಗೆ ನನ್ನ ಹೆಬ್ಬೆರಳು ಹಿಡಿದರು, ಬಿಟ್ಟರು, ಕಿರುಬೆರಳು ಹಿಡಿದರು, ಲೆಕ್ಕ ತಪ್ಪಿತು. ಬೆವರಿದರು. ಕೊನೆಗೆ ತಾಳಲಾರದೆ ಟವೆಲ್ಲನ್ನು ಎತ್ತಿ ತಲೆ ಒಳಗೆ ತೂರಿಸಿ, ಇಡೀ ಹೋಟೆಲ್ಲಿಗೆ ಕೇಳುವ ಹಾಗೆ ಪಿಸುಗುಟ್ಟಿದರು: "ಐದಾಣೆ ಕಣಯ್ಯ! ವಿದೌಟ್ ಪ್ರಿಜುಡೀಸ್! ಆಮೇಲೆ ಇದನ್ನ ನನ್ನ ಮೇಲೆ ಸಾಕ್ಷಿ ಮಾಡೋ ಹಾಗಿಲ್ಲ!"

ಏಳು, ಆರು, ಐದು. ಹದಿನೆಂಟಾಣೆ! ತಿಂಗಳುಗಟ್ಟಲೆ ನಾಲ್ಕಾಣೆ ಕಡಿಮೆಯಿದ್ದದ್ದು ಹತ್ತು ನಿಮಿಷಕ್ಕೆ ಎರಡಾಣೆ ಹೆಚ್ಚಾಗಿ ಕೂತಿತು. ವಾಪಸ್ಸು ಕೊಡೋಣವೆಂದರೆ ಯಾರಿಗೆ ಕೊಟ್ಟರೂ ಗುಟ್ಟು ರಟ್ಟು. ನಾನು ಇಂಜಿನಿಯರಿಗೆ ಒಪ್ಪಿಸಿಬಿಟ್ಟೆ. "ಯೋಜನೆಗೆ ಒಂದು ನಕ್ಷೆ ಮಾತ್ರ ಅಂತ ಇತ್ತು. ಇದರಲ್ಲಿ ಊರಿಗೊಂದು ಮಾಡಿಕೊಡ್ತೀನಿ" ಅಂದರು ಅವರು.

ಅನುಭವಸ್ಥರು. ಮೂರು ಊರಿಗೆ ಮೂರು ಬಣ್ಣದ ನಕ್ಷೆ ಬಂದವು. ತಿಪಟೂರಿನ ನಕ್ಷೆಯಲ್ಲಿ ತಿಪಟೂರು ನಡುವೆ, ಚಿಕ್ಕನಾಯಕನಹಳ್ಳಿಯದರಲ್ಲಿ ಚಿಕ್ಕನಾಯಕನಹಳ್ಳಿ ನಡುವೆ, ನಮ್ಮದರಲ್ಲಿ ತುರುವೇಕೆರೆ ನಡುವೆ. ಮೂವರೂ ಮೂರು ಕಡೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಬಂದವರಿಗೆಲ್ಲ ಹೇಳಿದ್ದು ಒಂದೇ ಮಾತು: "ನೋಡಿ, ಕಡಿಮೆ ಪಾಲು ಕೊಟ್ಟು ನಡುವೆ ಕೂತಿದೀವಿ!"

ಬಸ್ಸುಗಳು ಸೇರಿದವು

ಯೋಜನೆ ತುಮಕೂರಿಗೆ ಹೋಯಿತು. ನಾನು ಅದರ ಹಿಂದೆಯೇ ಹೋದೆ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅದು ಹೋದ ಹಾಗೆ ನಾನೂ ಹೋದೆ. ಎಷ್ಟು ಸಲವೆಂದರೆ ಅಲ್ಲಿನ ಜವಾನ ನನ್ನನ್ನು ಹೊಸ ಗುಮಾಸ್ತನೆಂದು ತಿಳಿದು ಒಂದು ದಿನ ಟಪಾಲು ಕೊಟ್ಟು ವಿಲೇ ಮಾಡಿ ಅಂದ. ಮಾಡಿಕೊಟ್ಟೆ. ಕೊನೆಗೂ ಮಂಜೂರಾಯಿತು: ಮೂರೂ ಊರಿನ ಬಸ್ಸು ಒಂದೇ ಹೊತ್ತಿಗೆ ಕ್ರಾಸಿಗೆ ಬರಬೇಕು, ಮೂರು ನಿಮಿಷ ನಿಲ್ಲಬೇಕು, ಒಂದೇ ಹೊತ್ತಿಗೆ ಹೊರಡಬೇಕು.

ಹೊಸ ವೇಳಾಪಟ್ಟಿ ಶುರುವಾಗುವ ದಿನವೇ ಹೆಂಡತಿ ತನ್ನ ಟ್ರಂಕು ತಗೊಂಡು ತುರುವೇಕೆರೆಗೆ ಬಂದುಬಿಡುವುದು ಅಂತ ನಿಶ್ಚಯವಾಯಿತು. ಮಾರನೆಯ ದಿನದಿಂದ ಅವಳು ನಮ್ಮ ಮನೆಯಿಂದಲೇ ಶಾಲೆಗೆ. ನಾನು ಬೆಳಿಗ್ಗೆ ಒಂಬತ್ತಕ್ಕೆ ಕ್ರಾಸಿಗೆ ಬಂದು ಅವಳನ್ನು ಕರೆದುಕೊಂಡು ಹೋಗಬೇಕು. ಎಷ್ಟು ಸರಳ!

ಒಂಬತ್ತಕ್ಕೆ ಸರಿಯಾಗಿ ನನ್ನ ಬಸ್ಸು ಕ್ರಾಸಿಗೆ ಬಂತು. ಕಣ್ಣು ತುಂಬಿ ಬಂತು ಕಣ್ರೀ. ಈ ಕಡೆ ನಮ್ಮ ಬಸ್ಸು, ನಡುವೆ ತಿಪಟೂರಿನದು, ಆ ಕಡೆ ಚಿಕ್ಕನಾಯಕನಹಳ್ಳಿಯದು. ಮೂರೂ ಒಟ್ಟಿಗೆ! ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗುತ್ತಿದ್ದ: "ಹತ್ರೀ ಹತ್ರೀ, ಚಿಕ್ನಾಯ್ಕನಳ್ಳಿ! ಮೂರೇ ನಿಮಿಷ! ಪ್ಲಾನ್ ಐತೆ, ಪ್ಲಾನು!"

ಒಂದು ಮಾತು ಹೇಳಬೇಕು. ಕ್ರಾಸಿನಲ್ಲಿ ಹೊರಡುವ ಬಸ್ಸು ಕಂಡರೆ ಮೊದಲು ಹತ್ತು, ಆಮೇಲೆ ಯೋಚನೆ ಮಾಡು. ಇದು ನಮ್ಮ ಕಡೆಯವರ ಕಾಲಿಗೆ ಅಂಟಿದ ಅಭ್ಯಾಸ. ಅಷ್ಟು ವರ್ಷ ಆ ಬಸ್ಸಿನ ಬೆನ್ನನ್ನೇ ನೋಡಿದವನು ನಾನು. ಅವತ್ತು ಅದರ ಬಾಗಿಲು ಕಂಡಿತು. ಕಾಲು ತಾನಾಗಿ ಓಡಿತು. ಹತ್ತಿದೆ. ಬಸ್ಸು ಅರ್ಧ ಮೈಲಿ ಹೋದ ಮೇಲೆ ನೆನಪಾಯಿತು, ನಾನು ಬಂದದ್ದು ಕಾಯುವುದಕ್ಕೆ ಅಂತ. ಇರಲಿ, ಮನೆಗೇ ಹೋಗಿ ಕರೆದುಕೊಂಡು ಬಂದರಾಯಿತು ಅಂತ ಸಮಾಧಾನ ಮಾಡಿಕೊಂಡೆ.

ಅತ್ತೆ ಬಾಗಿಲು ತೆಗೆದರು. "ಅಯ್ಯೋ, ಅವಳು ಬೆಳಿಗ್ಗೇನೇ ಟ್ರಂಕ್ ತಗೊಂಡು ಹೊರಟ್ಲಲ್ಲಪ್ಪ! ನಿಮಗೆ ಸಿಗಲಿಲ್ವೇ?"

ವಾಪಸ್ಸು ಓಡೋಣ ಅಂದರೆ, "ಅಳಿಯಂದ್ರು ಬಂದು ಬರೀ ಹೊಟ್ಟೇಲಿ ಹೋಗೋದುಂಟೇ?" ಅಂತ ಅತ್ತೆ ಎಲೆ ಹಾಕಿಬಿಟ್ಟರು. ಒಬ್ಬಟ್ಟು. ಆ ಒಬ್ಬಟ್ಟು ನುಂಗುವಾಗ ಸುಣ್ಣ ಹೊಡೆದ ಕೋಣೆ ಕಣ್ಣೆದುರಿಗೇ ಇತ್ತು.

ಆ ಕಡೆ ಏನಾಗಿತ್ತು ಅಂತ ಆಮೇಲೆ ತಿಳಿಯಿತು. ನನ್ನ ಹೆಂಡತಿಯೂ ಈ ಸೀಮೆಯವಳೇ ತಾನೇ? ಕ್ರಾಸಿನಲ್ಲಿ ಇಳಿದಳು. "ತುರುವೇಕೆರೆ, ಮೂರೇ ನಿಮಿಷ" ಅನ್ನುವ ಕೂಗು ಕೇಳಿತು. ನಡುವೆ ನಿಂತಿದ್ದ ತಿಪಟೂರಿನ ಬಸ್ಸನ್ನು ನಾನು ಹಿಂದಿನಿಂದ ಸುತ್ತಿ ಓಡಿದಾಗ ಅವಳು ಟ್ರಂಕು ಹೊತ್ತು ಮುಂದಿನಿಂದ ಸುತ್ತಿ ಓಡಿದಳು. ತುರುವೇಕೆರೆಯಲ್ಲಿ ಇಳಿದು ಮನೆಗೆ ಹೋದರೆ ಬೀಗ. ಪಕ್ಕದ ಮನೆಯಾಕೆ, "ನಿಮ್ಮನ್ನ ಕರ್ಕೊಂಡ್ ಬರಕ್ಕೇ ಹೋದ್ರಲ್ಲವ್ವ" ಅಂದಳಂತೆ. ಇವಳೂ ಹಟಗಾತಿ. ಟ್ರಂಕಿನ ಸಮೇತ ವಾಪಸ್ಸು ಹೊರಟಳು, ನನ್ನನ್ನು ಹುಡುಕಿಕೊಂಡು.

ಒಂದು ಗಂಟೆಗೆ ಕ್ರಾಸಿನಲ್ಲಿ ಮತ್ತೆ ಮೂರೂ ಬಸ್ಸು ಸೇರಿದವು. ಎಂಥಾ ಅಚ್ಚುಕಟ್ಟು! ನಾನು ಇಳಿದು, ಅವಳು ತುರುವೇಕೆರೆಯಲ್ಲಿ ಬೀಗದ ಮುಂದೆ ಕೂತು ಅಳುತ್ತಿರುತ್ತಾಳೆ ಅಂದುಕೊಂಡು ತುರುವೇಕೆರೆ ಬಸ್ಸಿಗೆ ಹಾರಿದೆ. ಈ ಸಲ ತಿಪಟೂರಿನ ಬಸ್ಸನ್ನು ನಾನು ಮುಂದಿನಿಂದ ಸುತ್ತಿದೆ. ಅವಳು ಹಿಂದಿನಿಂದ.

ಆದರೆ ಈ ಸಲ ಒಬ್ಬ ಕಣ್ಣಿಟ್ಟಿದ್ದ. ನಾಲ್ಕು ವರ್ಷ ನಮಗೆ ದೋಸೆ ಕೊಟ್ಟ ಹೋಟೆಲ್ಲಿನವನು. ಅವನು ಓಡಿಬಂದು ಚಿಕ್ಕನಾಯಕನಹಳ್ಳಿ ಬಸ್ಸಿನ ಮೆಟ್ಟಿಲ ಮೇಲಿದ್ದ ಟ್ರಂಕನ್ನು ಕಿತ್ತುಕೊಂಡನಂತೆ. "ಮೇಡಮ್ಮಾರೇ, ಇದು ನನ್ನ ವಶ. ನಿಮ್ಮ ಯಜಮಾನ್ರು ಆಗಲೇ ಆ ಬಸ್ಸಲ್ಲಿ ಹೋದ್ರು. ಅವ್ರು ತಿರುಗಿ ಬರೋವರ್ಗೂ ನೀವು ಈ ಬೆಂಚು ಬಿಟ್ಟು ಏಳಂಗಿಲ್ಲ. ಇಬ್ರೂ ಹಿಂಗೇ ಓಡಾಡಿದ್ರೆ ಬಸ್ಸಿನವ್ರಿಗೆ ಲಾಭ, ನಿಮಗೆ ವಯಸ್ಸಾಯ್ತದೆ."

ನಾನು ತುರುವೇಕೆರೆಗೆ ಹೋಗಿ, ಬೀಗ ನೋಡಿ, ಪಕ್ಕದ ಮನೆಯಾಕೆಯ ನಗು ನೋಡಿ, ಸಂಜೆ ಐದರ ಬಸ್ಸಿಗೆ ಕ್ರಾಸಿನಲ್ಲಿ ಇಳಿದೆ. ಬೆಂಚಿನ ಮೇಲೆ ಅವಳು. ಟ್ರಂಕಿನ ಮೇಲೆ ಹೋಟೆಲ್ಲಿನವನು.

"ರೀ," ಅಂದಳು, "ಈ ಯೋಜನೆ ಮಾಡಿಸಿದ್ದು ಯಾರಿಗೋಸ್ಕರ?"

"ನಿನಗೋಸ್ಕರ ಕಣೇ."

"ನಾಲ್ಕು ವರ್ಷ ಬಸ್ಸು ಸೇರಲಿಲ್ಲ, ನಾವು ವಾರವಾರ ಸೇರ್ತಿದ್ವಿ. ಇವತ್ತು ಬಸ್ಸು ಮೂರು ಸಲ ಸೇರಿದವು. ಬಸ್ಸು ಮಾತ್ರ ಸೇರಿದವು."

ಅಷ್ಟರಲ್ಲಿ ಹಿಂದಿನಿಂದ "ತುರುವೇಕೆರೆ, ತುರುವೇಕೆರೆ! ಮೂರೇ ನಿಮಿಷ!" ಅಂತ ಕೂಗು. ನನ್ನ ಕಾಲು ತಾನಾಗಿ ಹೊರಟಿತು. ಅವಳು ನನ್ನ ಅಂಗಿಯ ಕಾಲರು ಹಿಡಿದು ನಿಲ್ಲಿಸಿದಳು. "ನಿಲ್ಲಿ. ಮೊದಲು ನಾನು ಹತ್ತೋದು. ಆಮೇಲೆ ಟ್ರಂಕು. ಜಾಗ ಉಳಿದ್ರೆ ನೀವು."

ಜಾಗ ಉಳಿದಿತ್ತು. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಒಂದೇ ಮನೆಗೆ ಹೋದ ಆ ದಿನ ಎಪ್ಪತ್ತೆಂಟನೇ ಇಸವಿ, ಕಾರ್ತಿಕ ಮಾಸದ ಎರಡನೇ ಭಾನುವಾರ.